ತಾರಸಿ ತೋಟದ ತರಬೇತಿ: ಮೊದಲು ತೂಕದ ಲೆಕ್ಕ, ಆಮೇಲೆ ಟ್ರಸ್ಟು

ಬೆಂಗಳೂರಿಗರಿಗೆ ತಾರಸಿಯಲ್ಲಿ ತರಕಾರಿ ಬೆಳೆಯುವುದನ್ನು ಕಲಿಸಿದ ಹಿರಿಯರೆಂದರೆ ಕೀಟವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್. ‘ಊಟ ಫ್ರಮ್ ಯುವರ್ ತೋಟ’ ಮೇಳಗಳು ಬಂದ ಮೇಲೆ ಬೀಜ, ಗೊಬ್ಬರ, ಚೀಲ ಎಲ್ಲವೂ ಒಂದೇ ಕಡೆ ಸಿಗತೊಡಗಿದವು. ಹಾಗಾಗಿ ನಮ್ಮ ಬಡಾವಣೆಯ ಗುಂಪು ಸಾಮಾನು ಮಾರುವ ಗೋಜಿಗೆ ಹೋಗದೆ ಕಲಿಸುವುದನ್ನಷ್ಟೇ ಹಿಡಿಯಿತು.

ಮೊದಲ ತರಗತಿಯಲ್ಲಿ ಬೀಜ ಮುಟ್ಟುವುದಿಲ್ಲ, ತೂಕದ ಲೆಕ್ಕ ಹಾಕಿಸುತ್ತೇವೆ. ಓಡಾಡುವ ತಾರಸಿಗೆ, ಕಟ್ಟಡ ಹೊರಬೇಕಾದ ಭಾರವನ್ನು ಹೇಳುವ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ, ಚದರ ಮೀಟರಿಗೆ ಹಿಡಿಯುವ ಭಾರ ಸುಮಾರು 150 ಕಿಲೋ. 12 ಇಂಚು ಅಗಲ, 12 ಇಂಚು ಎತ್ತರದ ಚೀಲಕ್ಕೆ 22 ಲೀಟರ್ ಮಿಶ್ರಣ ಬೇಕು; ನೀರುಂಡ ಮೇಲೆ ಅದು ಹತ್ತಿರಹತ್ತಿರ 25 ಕಿಲೋ. ಆರು ಚೀಲಕ್ಕೇ ಮಿತಿ ಮುಗಿಯಿತು, ಓಡಾಡುವವರ ಭಾರ ಬೇರೆ. ನಾವು ಹೇಳುವುದು ನಾಲ್ಕು. ಅವೂ ಗೋಡೆ, ತೊಲೆಗಳ ನೇರಕ್ಕೆ. ಹಳೆಯ ಮನೆಯಾದರೆ ಎಂಜಿನಿಯರಿಗೆ ತೋರಿಸದೆ ಇಡಬೇಡಿ. ಚೀಲದಡಿ ಇಟ್ಟಿಗೆ ಕೊಟ್ಟರೆ ನೀರು ನಿಲ್ಲುವುದಿಲ್ಲ, ಸೋರಿಕೆಯೂ ಬೇಗ ಕಣ್ಣಿಗೆ ಬೀಳುತ್ತದೆ.

ಮಿಶ್ರಣಕ್ಕೆ ಕೆಂಪುಮಣ್ಣು, ಕಾಂಪೋಸ್ಟ್, ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಸಮಪಾಲು. ಚೀಲವೊಂದಕ್ಕೆ 100 ಗ್ರಾಂ ಬೇವಿನ ಹಿಂಡಿ. ಬರೀ ಕೆಂಪುಮಣ್ಣು ತುಂಬಿದರೆ ಗಟ್ಟಿಯಾಗಿ, ನೀರು ಬೇರಿಗಿಳಿಯದೆ ಚೀಲದ ಅಂಚಿನಿಂದಲೇ ಹರಿದುಹೋಗುತ್ತದೆ. ಕೊಕೊಪಿಟ್ ಇಟ್ಟಿಗೆಯನ್ನು ನೆನೆಸಿ ಎರಡು ಸಲವಾದರೂ ತೊಳೆಯಬೇಕು. ಉಪ್ಪು ಉಳಿದರೆ ಸಸಿಯ ಎಲೆಯಂಚು ಸುಡುತ್ತದೆ. ಕಾಂಪೋಸ್ಟ್ ಮಾಗಿದೆಯೇ ಎಂದು ನೋಡಲು ಒಂದು ಹಿಡಿ ತೇವಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಎರಡು ದಿನ ಕಟ್ಟಿಡಿ. ಬಿಚ್ಚಿದಾಗ ಗಬ್ಬುನಾತ ಬಂದರೆ ಇನ್ನೂ ಕಾಯಬೇಕು. ಕಲಿಯಲು ಬಂದವರು ಕೈಬಿಡುವುದು ಹೆಚ್ಚಾಗಿ ಇಲ್ಲೇ: ಅರೆಬೆಂದ ಗೊಬ್ಬರ ಹಾಕಿ, ಸಸಿ ಹಳದಿಯಾದಾಗ ಬೀಜವನ್ನು ಬೈಯುತ್ತಾರೆ.

ಎಲ್ಲರಿಗೂ ಟೊಮೆಟೊವೇ ಬೇಕು. ಫೆಬ್ರುವರಿಯಿಂದ ಮೇವರೆಗೆ ನಾವು ಕೊಡುವುದಿಲ್ಲ. ಬಿಸಿಲಿಗೆ ಬಿಳಿನೊಣ ಹೆಚ್ಚಿ ಎಲೆ ಮುರುಟು ರೋಗ ತರುತ್ತದೆ, ಅದಕ್ಕೆ ಮದ್ದಿಲ್ಲ, ಗಿಡ ಕಿತ್ತುಹಾಕಬೇಕಷ್ಟೆ. ಮೆಂತ್ಯ, ಹರಿವೆ ತಿಂಗಳೊಳಗೆ ಅಡುಗೆಮನೆ ಸೇರುತ್ತವೆ. ಹೊಸಬರನ್ನು ಹಿಡಿದಿಡುವುದೂ ಅವೇ. ಶುಲ್ಕ ಚಿಕ್ಕದಾದರೂ ಇರಲಿ. ಪುಕ್ಕಟೆ ತರಗತಿಗೆ ಹೆಸರು ಕೊಟ್ಟವರಲ್ಲಿ ಅರ್ಧ ಮಂದಿ ಬರುವುದಿಲ್ಲ.

ಟ್ರಸ್ಟಿನ ಕಾಗದ ಮಾಡಿಸಿದ್ದು ತರಗತಿಗಳು ನೆಲೆಗೊಂಡ ಮೇಲೆ. ಕರ್ನಾಟಕದಲ್ಲಿ ಸಂಘ ನೋಂದಾಯಿಸಲು ಕನಿಷ್ಠ ಏಳು ಜನ ಬೇಕು, ಟ್ರಸ್ಟಿಗೆ ಇಬ್ಬರು ಸಾಕು. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಡೀಡ್ (ಟ್ರಸ್ಟಿನ ಉದ್ದೇಶ, ನಿಯಮ ಬರೆದ ಪತ್ರ) ನೋಂದಾಯಿಸಿ, ಪ್ಯಾನ್ ಪಡೆದು, ಬ್ಯಾಂಕ್ ಖಾತೆ ತೆರೆದು, ಆಮೇಲೆ ತೆರಿಗೆ ವಿನಾಯಿತಿಗೆ ಅರ್ಜಿ. ಡೀಡ್‌ನಲ್ಲಿ ಎರಡು ಮಾತು ತಪ್ಪದೆ ಇರಲಿ: ಟ್ರಸ್ಟಿಗಳಿಗೆ ಲಾಭ ಹಂಚುವಂತಿಲ್ಲ, ಟ್ರಸ್ಟ್ ಮುಚ್ಚಿದರೆ ಉಳಿದ ಆಸ್ತಿ ಇಂಥದ್ದೇ ಉದ್ದೇಶದ ಮತ್ತೊಂದು ಸಂಸ್ಥೆಗೆ. ಇವು ಇಲ್ಲದಿದ್ದರೆ ಅರ್ಜಿ ಪ್ರಶ್ನೆ ಹೊತ್ತು ವಾಪಸು ಬರುತ್ತದೆ, ಡೀಡ್ ತಿದ್ದಿಸಲು ಮತ್ತೆ ಅದೇ ಕಚೇರಿ. ಬೀಜ, ಚೀಲ ಮಾರುವುದಾದರೆ ಲೆಕ್ಕದ ಪುಸ್ತಕ ಬೇರೆಯೇ ಇಡಿ.