ಬಾಕ್ಸಿಂಗ್‌ನಿಂದ ಪ್ರೊ ರೆಸ್ಲಿಂಗ್‌ಗೆ: ಬೀಳುವುದನ್ನು ಕಲಿತ ಬಗೆ

ಎಂಟು ವರ್ಷ ಅಮೆಚೂರ್ ಬಾಕ್ಸಿಂಗ್ ಆಡಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಪ್ರೊ ರೆಸ್ಲಿಂಗ್, ಅಂದರೆ ಗೆಲುವು ಸೋಲು ಮೊದಲೇ ಗೊತ್ತುಮಾಡಿಕೊಂಡು ಜನರ ಮುಂದೆ ಆಡಿ ತೋರಿಸುವ ಕುಸ್ತಿ, ಕಲಿಯಲು ಜಲಂಧರ್‌ಗೆ ಹೋದಾಗ, ಗರಡಿಯ ಕೆಮ್ಮಣ್ಣಿನಲ್ಲೇ ಬೆಳೆದ ಮೈಸೂರಿನ ನಮ್ಮ ದೊಡ್ಡಪ್ಪ ಫೋನಿನಲ್ಲಿ ಮೊದಲ ದಿನದ ಪಾಠವೇನೆಂದು ವಿಚಾರಿಸಿದರು. ಬೆನ್ನಿನ ಮೇಲೆ ಬೀಳುವುದು ಎಂದೆ. ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಚಿತ್ ಆದರೆ ಸೋಲು ಎಂದಷ್ಟೇ ತಿಳಿದಿದ್ದ ಅವರು ತುಸು ಹೊತ್ತು ಸುಮ್ಮನಿದ್ದು, “ಅದನ್ನ ಕಲಿಯಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನಪ್ಪಾ?” ಎಂದರು.

ದಲೀಪ್ ಸಿಂಗ್ ರಾಣಾ, ಅಂದರೆ ರೆಸ್ಲರ್ ದಿ ಗ್ರೇಟ್ ಖಲಿ, 2015ರಲ್ಲಿ ಜಲಂಧರ್‌ನಲ್ಲಿ ತರಬೇತಿ ಶಾಲೆ ತೆರೆದಿದ್ದರು. ಅಲ್ಲಿ ಕಲಿತ ಕವಿತಾ ದೇವಿ 2017ರಲ್ಲಿ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇ ಸೇರಿದ ಸುದ್ದಿ ಓದಿದ ಮೇಲೆ ನನ್ನಂಥವರ ಕಣ್ಣು ಆ ಊರಿನ ಮೇಲೆ ಬಿದ್ದಿತ್ತು. ಬಾಕ್ಸಿಂಗ್ ಬಲ್ಲವನಿಗೆ ಈ ಆಟ ಅರ್ಧ ಬಂದಂತೆಯೇ ಎಂಬ ಸೊಕ್ಕೂ ನನ್ನಲ್ಲಿತ್ತು.

ರೆಸ್ಲಿಂಗ್ ರಿಂಗ್ ನೋಡಲು ಮೆತ್ತಗಿದ್ದರೂ ಕ್ಯಾನ್ವಾಸಿನ ಅಡಿಯಲ್ಲಿರುವುದು ತೆಳುವಾದ ಫೋಮ್, ಅದರ ಕೆಳಗೆ ಹಲಗೆ, ಅದಕ್ಕೂ ಕೆಳಗೆ ಉಕ್ಕಿನ ತೊಲೆ. ಅದರ ಮೇಲೆ ಬೀಳುವ ವಿದ್ಯೆಗೆ ಬಂಪ್ ಎನ್ನುತ್ತಾರೆ. ಗದ್ದವನ್ನು ಎದೆಗೆ ಒತ್ತಿ ಹಿಡಿದು, ಬೆನ್ನಿನ ಮೇಲ್ಭಾಗವನ್ನು ಚಪ್ಪಟೆಯಾಗಿ ನೆಲಕ್ಕೆ ಕೊಟ್ಟು, ಅದೇ ಕ್ಷಣದಲ್ಲಿ ಎರಡೂ ಅಂಗೈಗಳಿಂದ ಕ್ಯಾನ್ವಾಸನ್ನು ಬಡಿದು, ಬಿದ್ದ ರಭಸವನ್ನು ಮೈಯೆಲ್ಲ ಹಂಚಿಬಿಡಬೇಕು. ಗದ್ದ ತಗ್ಗಿಸುವುದು ಬಾಕ್ಸಿಂಗ್‌ನ ಮೊದಲ ಪಾಠವೂ ಆದ್ದರಿಂದ ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಳ್ಳದೆ ಮೊದಲ ವಾರವನ್ನು ದಾಟಿದ ಕೆಲವರಲ್ಲಿ ನಾನೂ ಒಬ್ಬನಾದೆ. ಹಳೆಯ ಅಭ್ಯಾಸದಿಂದ ಸಿಕ್ಕ ಲಾಭ ಅಷ್ಟೇ, ಜೊತೆಗೆ ಒಂದಿಷ್ಟು ದಮ್ಮು.

ಮಿಕ್ಕಿದ್ದೆಲ್ಲವೂ ಅಡ್ಡಿಯೇ ಆಯಿತು. ನಾನು ಎಡಚ, ಬಲಗಾಲು ಮುಂದಿಟ್ಟು ನಿಲ್ಲುವವನು. ಅಮೆರಿಕದ ಪದ್ಧತಿಯಲ್ಲಿ ಕಲಿತವರು ಎಡಗಾಲು ಮುಂದಿಟ್ಟು ಒಬ್ಬರನ್ನೊಬ್ಬರು ಹಿಡಿದು ಕೂಡಿಕೊಳ್ಳುತ್ತಾರೆ, ಹಿಡಿತವನ್ನು ಹೆಚ್ಚಾಗಿ ಎದುರಾಳಿಯ ಎಡಭಾಗಕ್ಕೇ ಹಾಕುತ್ತಾರೆ. ಮೆಕ್ಸಿಕೊದವರದು ಇದಕ್ಕೆ ತದ್ವಿರುದ್ಧ. ಅಲ್ಲಿ ಹುಟ್ಟಿದ್ದರೆ ನನಗೆ ಸುಖವಿರುತ್ತಿತ್ತೇನೋ. ಕಾಲು ಬದಲಾಯಿಸುವುದನ್ನು ಮರೆತು ನುಗ್ಗಿದಾಗಲೆಲ್ಲ ಜೊತೆಗಾರನ ಹಣೆಗೂ ನನ್ನ ಹಣೆಗೂ ಡಿಕ್ಕಿಯಾಗುತ್ತಿತ್ತು.

ನಿಜವಾದ ಕಷ್ಟವೆಂದರೆ ಗುದ್ದುವುದು. ಹೊಡೆತ ಹೊರಡುವುದು ಎದುರಾಳಿಯ ಕಣ್ಣಿಗೆ ಬೀಳಬಾರದು ಎಂಬುದನ್ನೇ ಎಂಟು ವರ್ಷ ನನ್ನ ಭುಜಕ್ಕೆ ಕಲಿಸಿದ್ದೆ. ಇಲ್ಲಿ ಹೊಡೆತ ಹೊರಡುವುದು ಕೊನೆಯ ಸಾಲಿನ ಮಗುವಿಗೂ ಕಾಣಬೇಕು, ಆದರೆ ತಾಗುವಾಗ ಮುಷ್ಟಿ ಸಡಿಲವಾಗಿರಬೇಕು, ಸದ್ದನ್ನು ಕಾಲಿನಿಂದ ನೆಲ ಬಡಿದು ಹುಟ್ಟಿಸಬೇಕು. ಮೂರನೆಯ ತಿಂಗಳಲ್ಲಿ ಒಮ್ಮೆ ಜೊತೆಗಾರ ಕೈ ಕೆಳಗಿಳಿಸಿದ್ದನ್ನು ಕಂಡ ಕೂಡಲೇ, ನಾನು ಯೋಚಿಸುವ ಮೊದಲೇ, ನನ್ನ ಎಡಗೈ ನೇರವಾಗಿ ಹೋಗಿ ಅವನ ತುಟಿ ಒಡೆಯಿತು. ಅವನು ಏನೂ ಅನ್ನಲಿಲ್ಲ. ಎರಡು ನಿಮಿಷದ ನಂತರ ನನ್ನ ಎದೆಗೆ ಕೊಟ್ಟ ಏಟಿನ ಬೆರಳಚ್ಚು ನಾಲ್ಕು ದಿನ ಇತ್ತು. ಇದಕ್ಕೆ ನಮ್ಮವರು ರಿಸೀಟ್ ಎನ್ನುತ್ತಾರೆ, ಲೆಕ್ಕ ಅಲ್ಲಿಗೆ ಚುಕ್ತಾ. ತಪ್ಪು ನನ್ನದೇ ಆಗಿತ್ತು. ತನ್ನ ಮೈಯನ್ನು ನಂಬಿ ಒಪ್ಪಿಸಿದವನನ್ನು ಕಾಪಾಡುವುದು ಈ ವೃತ್ತಿಯ ಮೊದಲ ಕೆಲಸವೆಂಬುದು ಆವರೆಗೆ ನನ್ನ ತಲೆಗೆ ಹೋಗಿರಲಿಲ್ಲ.

ನನ್ನ ಗುರುಗಳು ಆ ಮೇಲೆ ಆರು ತಿಂಗಳು ಮುಷ್ಟಿ ಬಿಗಿಯುವುದನ್ನೇ ನಿಷೇಧಿಸಿದರು. ಈ ಆಟದ ನಿಯಮದಲ್ಲಿ ಮುಚ್ಚಿದ ಮುಷ್ಟಿ ಹೇಗೂ ತಪ್ಪೇ, ರೆಫರಿ ಗದರಿಸಿ ಬಿಡುತ್ತಾನೆ ಅಷ್ಟೇ. ನಂತರ ಅವರು ತೋರಿಸಿದ್ದು ಮಾರ್ಕ್ ಮೆರೋ ಅವರ ಹಳೆಯ ಪಂದ್ಯಗಳನ್ನು. ನ್ಯೂಯಾರ್ಕಿನಲ್ಲಿ ಅಮೆಚೂರ್ ಬಾಕ್ಸರ್ ಆಗಿದ್ದ ಮೆರೋ, 1990ರ ದಶಕದ ಮೊದಲಲ್ಲಿ ಜಾನಿ ಬಿ. ಬ್ಯಾಡ್ ಎಂಬ ಹೆಸರಿನಲ್ಲಿ ಆಡುತ್ತಿದ್ದಾಗ ಎಡಗೈ ಹುಕ್ (ಬದಿಯಿಂದ ಬಾಗಿ ಬರುವ ಗುದ್ದು) ಒಂದನ್ನೇ ಪಂದ್ಯ ಮುಗಿಸುವ ಅಸ್ತ್ರವಾಗಿ ಬಳಸಿದ್ದರು. ಗುದ್ದು ಅಪರೂಪವಾದಷ್ಟೂ ಅದಕ್ಕೆ ಬೆಲೆ. ನಾನೂ ನನ್ನ ಎಡಗೈಯನ್ನು ಪಂದ್ಯದ ಕೊನೆಗೆಂದೇ ಕಾದಿಟ್ಟುಕೊಂಡೆ.

ಏಟು ತಿಂದದ್ದನ್ನು ತೋರಿಸುವುದಕ್ಕೆ ಸೆಲ್ಲಿಂಗ್ ಎಂದು ಹೆಸರು. ನನಗೆ ಅದು ಕೊನೆಗೆ ಬಂದ ವಿದ್ಯೆ. ಪಕ್ಕೆಗೆ ಬಿದ್ದ ಏಟನ್ನು ಬಾಕ್ಸರ್ ಮುಖದಲ್ಲಿ ತೋರಿಸಿದರೆ ಮುಂದಿನ ಹತ್ತು ಏಟೂ ಅಲ್ಲಿಗೇ ಬೀಳುತ್ತವೆ. ಹಾಗಾಗಿ ನನ್ನ ಮುಖ ಕಲ್ಲಾಗಿತ್ತು. ಮೊದಲ ಪಂದ್ಯದಲ್ಲಿ ಎದುರಾಳಿ ಹತ್ತು ನಿಮಿಷ ನನ್ನ ಎಡ ಮೊಣಕಾಲನ್ನು ಹಿಂಡಿದರೂ ನಾನು ಎದ್ದು ನೆಟ್ಟಗೆ ನಡೆದೆ. ಜನ ತಣ್ಣಗಾಗಿ ಮೊಬೈಲ್ ತೆಗೆದರು. ಅವನ ಹತ್ತು ನಿಮಿಷದ ಶ್ರಮವನ್ನು ನಾನೊಬ್ಬನೇ ನೀರಿಗೆ ಹಾಕಿದ್ದೆ. ಆ ರಾತ್ರಿಯಿಂದ ಕೋಣೆಯಲ್ಲಿ ಕನ್ನಡಿಯ ಮುಂದೆ ಕುಂಟುವುದನ್ನು ಅಭ್ಯಾಸ ಮಾಡಿದೆ, ಯಾವ ಕಾಲೆಂಬುದನ್ನು ಮರೆಯದಿರಲು ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು.