ಇನ್‌ಸ್ಟಾಲೇಶನ್ ಎಲ್ಲಿ ನಿಲ್ಲುತ್ತದೆ, ಮೊದಲು ಅದನ್ನು ನೋಡಿ

ಡೊಂಬಿವಲಿಯ ನಮ್ಮ ಕನ್ನಡ ವಾಚನಾಲಯದಲ್ಲಿ ಒಂದು ಹಳೇ ಇಂಟೆಲ್ ಕೋರ್ 2 ಡ್ಯುಯೊ ಕಂಪ್ಯೂಟರ್ ಇದೆ. 2 ಜಿಬಿ ರ‍್ಯಾಮ್. ಪುಸ್ತಕಗಳ ಪಟ್ಟಿ, ಎರವಲು ಲೆಕ್ಕ, ಕಾರ್ಯಕ್ರಮದ ಆಮಂತ್ರಣ, ಎಲ್ಲ ಅದರಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇದರಲ್ಲಿ ಇಲ್ಲ. ನಡೆಯುವ ಯಂತ್ರವನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಪೆನ್‌ಡ್ರೈವ್‌ನಿಂದ ಹಾಕಲು ಕೂತೆ.

ಫೈಲ್ ಕಾಪಿ ಆಗುವಾಗ ನಿಂತಿತು. 'ಎರ‍್ನೊ 5, ಇನ್‌ಪುಟ್ ಔಟ್‌ಪುಟ್ ಎರರ್.' ಡಿಸ್ಕ್ ಕೆಟ್ಟಿರಬಹುದು ಎಂದು ಆ ಸಂದೇಶವೇ ಹೇಳುತ್ತದೆ. ಹೆಚ್ಚಿನವರು ಅದನ್ನು ನಂಬಿ ಹೊಸ ಹಾರ್ಡ್ ಡಿಸ್ಕ್ ತರುತ್ತಾರೆ. ಸ್ವಲ್ಪ ತಡೆಯಿರಿ. ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಪೆನ್‌ಡ್ರೈವ್ ಅಥವಾ ಡಿಸ್ಕ್ ಮೇಲೆ ಅನುಮಾನ ಪಡಿ. ಸಲಕ್ಕೊಂದು ಜಾಗದಲ್ಲಿ ನಿಂತರೆ ರ‍್ಯಾಮ್ ಮೇಲೆ. ನಮ್ಮದು ಒಮ್ಮೆ ಶುರುವಿನಲ್ಲೇ, ಇನ್ನೊಮ್ಮೆ ಮುಗಿಯುವ ಹೊತ್ತಿಗೆ ನಿಲ್ಲುತ್ತಿತ್ತು.

ಕಾರಣ ಇಷ್ಟೇ. ಪೆನ್‌ಡ್ರೈವ್‌ನಲ್ಲಿ ಇಡೀ ಸಿಸ್ಟಂ ಒತ್ತಿ ತುಂಬಿದ ರೂಪದಲ್ಲಿ ಇರುತ್ತದೆ. ಅದನ್ನು ಬಿಚ್ಚುವುದು ರ‍್ಯಾಮ್‌ನಲ್ಲಿ. ಅಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಸಾಕು, ಆ ತುಂಡು ಬಿಚ್ಚಿಕೊಳ್ಳುವುದಿಲ್ಲ. ದಿನವೂ ವಿಂಡೋಸ್ ನಡೆಯುತ್ತಿತ್ತಲ್ಲ ಅಂತ ಕೇಳಬಹುದು. ನಡೆಯುತ್ತಿತ್ತು, ಆದರೆ ಆಗಾಗ ಹ್ಯಾಂಗ್ ಆಗುತ್ತಿತ್ತು. ಹಳೇ ಮಷೀನ್ ಅಂತ ಎಲ್ಲರೂ ಸುಮ್ನೆ ಇದ್ದರು.

ಅದೇ ಪೆನ್‌ಡ್ರೈವ್ ನನ್ನ ಲ್ಯಾಪ್‌ಟಾಪಿನಲ್ಲಿ ಇಂಟೆಗ್ರಿಟಿ ಚೆಕ್ (ಫೈಲುಗಳು ಸರಿಯಾಗಿವೆಯೇ ಎಂಬ ಪರೀಕ್ಷೆ) ಪಾಸಾಯಿತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಮಾಹಿತಿಯೂ ಚೆನ್ನಾಗಿತ್ತು: ಕೆಟ್ಟ ಜಾಗಗಳನ್ನು ಎಣಿಸುವ 5 ಮತ್ತು 197ನೇ ಸಂಖ್ಯೆಯ ಸಾಲುಗಳಲ್ಲಿ ಸೊನ್ನೆ. (ಮಾಹಿತಿ ಸಾಗುವಾಗಿನ ತಪ್ಪು ಎಣಿಸುವ 199ರ ಎಣಿಕೆ ಏರುತ್ತಿದ್ದರೆ ಡಿಸ್ಕ್ ಬಿಟ್ಟು ಮೊದಲು ಅದನ್ನು ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ.) ಆಮೇಲೆ ಪೆನ್‌ಡ್ರೈವ್‌ನಿಂದ ಶುರು ಮಾಡಿದಾಗ ಬರುವ ಬೂಟ್ ಮೆನುವಿನ ಮೆಮೊರಿ ಟೆಸ್ಟ್ ಹಾಕಿದೆ. ಪರದೆಯಲ್ಲಿ ಕೆಂಪು ಸಾಲುಗಳು ಬಂದವು. ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ನಂಬುವ ಹಾಗಿಲ್ಲ.

ಮುಂಬೈ ಮಳೆಗಾಲದ ತೇವಕ್ಕೆ ರ‍್ಯಾಮ್ ಸ್ಟಿಕ್ಕಿನ ಲೋಹದ ಕಾಂಟ್ಯಾಕ್ಟುಗಳ ಮೇಲೆ ಕೊಳೆ ಕೂರುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಇಲ್ಲಿ ಹೋಗಲಿಲ್ಲ. ಎರಡು ಸ್ಟಿಕ್‌ಗಳನ್ನು ಬೇರೆ ಬೇರೆಯಾಗಿ, ಎರಡೂ ಸ್ಲಾಟಿನಲ್ಲಿ ಇಟ್ಟು ಪರೀಕ್ಷಿಸಿದೆ. ಸ್ಲಾಟ್ ಕೆಟ್ಟಿದ್ದರೆ ಒಳ್ಳೇ ಸ್ಟಿಕ್ಕೂ ಕೆಂಪು ತೋರಿಸುತ್ತದೆ, ಅದಕ್ಕೇ ಈ ಪಾಡು. ಒಂದು ಸ್ಟಿಕ್ ಎಲ್ಲಿಟ್ಟರೂ ತಪ್ಪು ತೋರಿಸಿತು.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಲ್ಯಾಮಿಂಗ್ಟನ್ ರೋಡಿಗೆ ನಡೆದೆ. ಇದಕ್ಕೆ ಬೇಕಾದ ಹಳೇ ಬಗೆಯ ಡಿಡಿಆರ್2 ರ‍್ಯಾಮ್ ಅಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಒಂದು ಎಚ್ಚರ: ಕಡಿಮೆ ಬೆಲೆಯ ಕೆಲವು ಡಿಡಿಆರ್2 ಸ್ಟಿಕ್‌ಗಳು ಎಎಂಡಿ ಬೋರ್ಡಿನಲ್ಲಿ ಮಾತ್ರ ನಡೆಯುತ್ತವೆ. ಇಂಟೆಲ್ ಬೋರ್ಡ್ ಅಂತ ಹೇಳಿಯೇ ಕೊಳ್ಳಿ. ಸ್ಟಿಕ್ ಜೊತೆಗೆ ಕಂಪ್ಯೂಟರಿನ ಗಡಿಯಾರ ನಡೆಸುವ ಸಿಆರ್2032 ಸೆಲ್ ಕೂಡ ತಂದೆ. ಸೆಲ್ ಸತ್ತರೆ ನೆಟ್ ಇಲ್ಲದ ದಿನ ತಾರೀಖು ವರ್ಷಗಟ್ಟಲೆ ಹಿಂದೆ ಹೋಗುತ್ತದೆ, ಎರವಲು ಲೆಕ್ಕ ಕೆಡುತ್ತದೆ ಅಲ್ವಾ?

ತಂದ ಸ್ಟಿಕ್ಕನ್ನು ರಾತ್ರಿಯಿಡೀ ಟೆಸ್ಟಿಗೆ ಬಿಟ್ಟೆ. ಕೆಂಪು ಸಾಲು ಒಂದೂ ಇಲ್ಲ. ಆಮೇಲೆ ಇನ್‌ಸ್ಟಾಲೇಶನ್ ಎಲ್ಲೂ ನಿಲ್ಲದೆ ಮುಗಿಯಿತು. ಕನ್ನಡ ಟೈಪಿಂಗಿಗೆ ಲಿನಕ್ಸ್‌ನಲ್ಲಿ ಸಿಗುವ ಎಂ17ಎನ್ ತಂತ್ರಾಂಶದ ಕೆಜಿಪಿ ಕೀಲಿಮಣೆ ಹಾಕಿದ್ದೇನೆ, ಇದರ ಕೀಲಿ ವಿನ್ಯಾಸ 'ನುಡಿ' ತಂತ್ರಾಂಶದ್ದೇ, ಅದು ರೂಢಿಯಾದ ಹಿರಿಯರಿಗೆ ಕೈ ತಡವರಿಸುವುದಿಲ್ಲ. ನುಡಿಯ ಫಾಂಟ್ ಇದ್ದರೆ ಮಾತ್ರ ಓದಲಾಗುವ ಹಳೇ ಆಸ್ಕಿ ಫೈಲುಗಳನ್ನು ಎಲ್ಲೆಡೆ ಓದಬಹುದಾದ ಯೂನಿಕೋಡಿಗೆ ಬದಲಿಸುವ ಕೆಲಸ ಈಗ ನಡೆದಿದೆ.