ಆಶ್ಲೇಷ ಮಳೆಯಲ್ಲೂ ಬೂಷ್ಟು ಹಿಡಿಯದ ಕಪಾಟುಗಳು: ನನ್ನ ಅನುಭವ

ಹೋದ ವರ್ಷ ಆಶ್ಲೇಷ ಮಳೆ ಬಿಡದೆ ಹೊಡೆಯುತ್ತಿದ್ದ ವಾರದಲ್ಲಿ ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಒಳಕೋಣೆಯ ತೇವಮಾಪಕ ಶೇಕಡ 58ರಿಂದ 60ರ ನಡುವೆ ನಿಂತಿತ್ತು. ಅದೇ ಹೊತ್ತಿಗೆ ಹೊರಗಿನ ಜಗಲಿಯ ಮಾಪಕ 95 ತೋರಿಸುತ್ತಿತ್ತು. ಮಲೆನಾಡಿನಲ್ಲಿ ಗ್ರಂಥಾಲಯ ನಡೆಸಿದವರಿಗೆ ಈ ಎರಡು ಅಂಕಿಗಳ ಅಂತರ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂರು ವರ್ಷಗಳ ಹಿಂದೆ, ಓದುಗರು ಕೇಳದ ಪುಸ್ತಕಗಳನ್ನು ಬೇರ್ಪಡಿಸಿ ಒಳಕೋಣೆಗೆ ಸಾಗಿಸುವ ಕೆಲಸಕ್ಕೆ ನಾನು ಕೈಹಾಕಿದಾಗ, "ವರ್ಗೀಕರಣದ ಸಾಲನ್ನು ಒಡೆದು ಎರಡು ಕಡೆ ಇಟ್ಟರೆ ನಾಳೆ ಒಂದು ಪುಸ್ತಕವೂ ಸಿಗುವುದಿಲ್ಲ" ಎಂದು ಹಿರಿಯ ಸಹೋದ್ಯೋಗಿಗಳು ಸಭೆಯಲ್ಲೇ ಹೇಳಿದ್ದರು. ಪುಸ್ತಕಗಳು ಸಿಗುತ್ತಿವೆ, ಮೊದಲಿಗಿಂತ ಬೇಗ ಸಿಗುತ್ತಿವೆ ಎಂಬುದನ್ನು ಸಂತೋಷದಿಂದಲೇ ದಾಖಲಿಸುತ್ತಿದ್ದೇನೆ.

ಅದಕ್ಕೆ ಮೊದಲು ನಾವು ಕಳೆದುಕೊಂಡ ಹಣದ ಲೆಕ್ಕವನ್ನೂ ಹೇಳಬೇಕು. ನುಸಿಗುಳಿಗೆಗೆ ವರ್ಷಕ್ಕೆ ಏಳೆಂಟು ಸಾವಿರ ಹೋಗುತ್ತಿತ್ತು. ಅದು ಹುಳವನ್ನು ಸ್ವಲ್ಪ ದೂರವಿಟ್ಟಿತೇ ಹೊರತು ಬೂಷ್ಟಿಗೆ ಏನೂ ಮಾಡಲಿಲ್ಲ, ಓದುವವರ ತಲೆನೋವಿನ ದೂರು ಮಾತ್ರ ಹೆಚ್ಚಾಯಿತು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು ಮೂರೇ ದಿನದಲ್ಲಿ ತೇವ ತುಂಬಿ ನೀಲಿಯಿಂದ ಗುಲಾಬಿಗೆ ತಿರುಗುತ್ತಿದ್ದವು, ಅವುಗಳನ್ನು ಮತ್ತೆ ಕಾಯಿಸಿ ಒಣಗಿಸಲು ಒಬ್ಬ ಮನುಷ್ಯನ ಅರ್ಧ ದಿನ ಬೇಕಾಗುತ್ತಿತ್ತು. ಕೊನೆಗೆ ಟೆಂಡರು ಕರೆದು ಗಾಳಿಯ ತೇವ ಹೀರುವ ಮೂರು ಡಿಹ್ಯುಮಿಡಿಫೈಯರು ಯಂತ್ರಗಳನ್ನು ತರಿಸಿದೆವು. ನೆನಪಿನ ಪ್ರಕಾರ ಒಟ್ಟು 1 ಲಕ್ಷದ 30 ಸಾವಿರ ರೂಪಾಯಿ. ಕಿಟಕಿಗಳು ತೆರೆದಿರುವ, ದಿನಕ್ಕೆ 400 ಜನ ಬಂದುಹೋಗುವ ದೊಡ್ಡ ಹಜಾರದಲ್ಲಿ ಅವುಗಳನ್ನು ಇಟ್ಟದ್ದು ನನ್ನದೇ ತಪ್ಪು. ಸಂಜೆಯೊಳಗೆ ತೊಟ್ಟಿ ತುಂಬಿ ಯಂತ್ರ ತಾನಾಗಿ ನಿಲ್ಲುತ್ತಿತ್ತು, ರಾತ್ರಿ ಕರೆಂಟು ಹೋಗುತ್ತಿತ್ತು, ಬೆಳಿಗ್ಗೆ ಮಾಪಕ ಮತ್ತೆ 85ಕ್ಕೆ ಬಂದಿರುತ್ತಿತ್ತು. ಯಂತ್ರಗಳನ್ನು ಮೂಲೆಗಿಟ್ಟ ವರ್ಷ ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗೆ ನಾನೇ ಉತ್ತರ ಬರೆಯಬೇಕಾಯಿತು.

ದಾರಿ ತೋರಿಸಿದ್ದು ಎರಡು ಸಂಗತಿಗಳು. ಅಡಿಕೆ ತೋಟವಿರುವ ನಮ್ಮ ಅಟೆಂಡರೊಬ್ಬರು ಒಂದು ದಿನ ಧೂಳು ಒರೆಸುತ್ತಾ, "ಸರ್, ನಮ್ಮ ಮನೇಲಿ ಅಡಿಕೆ ಮೂಟೆ ಗೋಡೆಗೆ ತಾಗಿಸಿ ಇಟ್ರೆ ಅಪ್ಪ ಬಯ್ತಿದ್ರು" ಎಂದರು. ಆಮೇಲೆ ನಾನು ಬೂಷ್ಟು ಹಿಡಿದ ಪುಸ್ತಕಗಳ ಸ್ಥಳಗಳನ್ನು ಗುರುತುಹಾಕುತ್ತಾ ಹೋದಾಗ, ಮಳೆ ನೇರವಾಗಿ ಬಡಿಯುವ ಪಡುವಣ ಗೋಡೆಗೆ ಅಂಟಿಕೊಂಡ ಕಪಾಟುಗಳು ಮತ್ತು ನೆಲಕ್ಕೆ ಹತ್ತಿರದ ಕೆಳಗಿನ ಹಲಗೆಗಳೇ ಹೆಚ್ಚು ಕೆಟ್ಟಿದ್ದವು. ಎರಡನೆಯ ಸಂಗತಿ ನಮ್ಮ ಗ್ರಂಥಾಲಯದ ತಂತ್ರಾಂಶವಾದ ಕೋಹಾದಿಂದ ತೆಗೆದ ವರದಿಯಲ್ಲಿ ಕಂಡಿತು: ವರ್ಷಕ್ಕೆ ನಾಲ್ಕಾರು ಬಾರಿ ಎರವಲು ಹೋಗುವ ಪುಸ್ತಕ, ಅದು ಯಾವ ಗೋಡೆಯ ಪಕ್ಕದಲ್ಲಿದ್ದರೂ, ಬೂಷ್ಟು ಹಿಡಿಯುವುದು ಅಪರೂಪ. ಕೈಯಾಡುವ ಪುಸ್ತಕಕ್ಕೆ ಗಾಳಿಯೂ ಆಡುತ್ತದೆ. ಪುಸ್ತಕಗಳಿರುವುದು ಬಳಕೆಗಾಗಿ ಎಂಬ, ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ 1931ರ ಮೊದಲ ಸೂತ್ರವನ್ನು ನಾವೆಲ್ಲ ಪರೀಕ್ಷೆಗೆ ಓದಿದ್ದೆವು. ಬಳಕೆಯೇ ಪುಸ್ತಕವನ್ನು ಕಾಯುತ್ತದೆ ಎಂಬುದು ನನಗೆ ತಿಳಿದದ್ದು ಆ ವರದಿಯ ಮುಂದೆ ಕುಳಿತಾಗ.

ಸುಮಾರು 94,000 ಪುಸ್ತಕಗಳಲ್ಲಿ ಎಂಟು ವರ್ಷಗಳಿಂದ ಒಮ್ಮೆಯೂ ಹೊರಹೋಗದವು 30,000ದಷ್ಟಿದ್ದವು. ಅವುಗಳನ್ನೂ, ಹಳೆಯ ನಿಯತಕಾಲಿಕಗಳ ಸಂಪುಟಗಳನ್ನೂ, ಪಿಎಚ್‌.ಡಿ. ಪ್ರಬಂಧಗಳನ್ನೂ ಹೊರಗೋಡೆಯೇ ಇಲ್ಲದ ಒಳಕೋಣೆಗೆ ಸಾಗಿಸಿದೆವು. ಪ್ರಬಂಧಗಳ ವಿಷಯದಲ್ಲಿ ವಿರೋಧವಿತ್ತು. ಆದರೆ ಯುಜಿಸಿ 2009ರ ನಿಯಮಾವಳಿಯ ನಂತರ ಸಲ್ಲಿಕೆಯಾದವು ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಓದಲು ಸಿಗುವುದರಿಂದ ಮುದ್ರಿತ ಪ್ರತಿಯನ್ನು ಕೇಳುವವರು ತೀರಾ ಕಡಿಮೆ ಎಂದು ವರದಿಯನ್ನೇ ಮುಂದಿಟ್ಟೆ. ಬೀರುವಿನಲ್ಲಿ ಕೊಳೆಯುತ್ತಿದ್ದ ಯಂತ್ರಗಳಲ್ಲಿ ಎರಡನ್ನು ಆ ಕೋಣೆಗೆ ಹಾಕಿ, ತೊಟ್ಟಿಯ ಬದಲು ಚರಂಡಿಗೆ ಕೊಳವೆ ಎಳೆಸಿದೆ. ಆ ಕೊಳವೆಗೆ ಖರ್ಚಾದದ್ದು 900 ರೂಪಾಯಿ. ಬಾಗಿಲು ತೆರೆಯುವುದು ದಿನಕ್ಕೆ ಎರಡೇ ಸಲ, ಬೆಳಿಗ್ಗೆ 11ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ. ಬೇಡಿಕೆ ಚೀಟಿ ಬರೆದುಕೊಟ್ಟವರಿಗೆ ಪುಸ್ತಕ ಕೌಂಟರಿಗೇ ಬರುತ್ತದೆ. ದಿನಕ್ಕೆ ಒಂಬತ್ತೋ ಹತ್ತೋ ಚೀಟಿ ಬರುತ್ತವೆ, ಅದಕ್ಕಿಂತ ಹೆಚ್ಚಿಲ್ಲ.

ಹಜಾರದಲ್ಲಿ ಉಳಿದ ಕಪಾಟುಗಳನ್ನು ಗೋಡೆಯಿಂದ ಒಂದೂಕಾಲು ಅಡಿ ಈಚೆಗೆ ಎಳೆದು, ಓಣಿಗಳು ಕಿಟಕಿಗಳಿಗೆ ಎದುರಾಗುವಂತೆ ತಿರುಗಿಸಿ, ಕೆಳಗಿನ ಹಲಗೆಯನ್ನು ಖಾಲಿ ಬಿಟ್ಟೆವು. ಕಿಟಕಿಗಳನ್ನು ಯಾವ ಹೊತ್ತಿಗೆ ತೆರೆಯಬೇಕು, ಯಾವ ಹೊತ್ತಿಗೆ ಮುಚ್ಚಬೇಕು ಎಂಬುದಕ್ಕೆ ಎರಡು ಮಳೆಗಾಲ ಬರೆದಿಟ್ಟ ಪಟ್ಟಿಯೊಂದು ನನ್ನಲ್ಲಿದೆ; ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಸಾಗಾಟಕ್ಕೆ 46,000 ರೂಪಾಯಿ ಕೇಳಿದ್ದೆ, 30,000 ಮಂಜೂರಾಯಿತು. ಉಳಿದ ಕೆಲಸವನ್ನು ನಮ್ಮ ಸಿಬ್ಬಂದಿಯೇ 18 ದಿನಗಳಲ್ಲಿ ಮುಗಿಸಿದರು, ಅವರಿಗೆ ನಾನು ಋಣಿ.

ಪುಸ್ತಕ ಕಳೆದುಹೋಗುತ್ತದೆ ಎಂಬ ಭಯಕ್ಕೆ ಉತ್ತರ ಕೋಹಾದಲ್ಲೇ ಇತ್ತು. ಪುಸ್ತಕದ ಬೆನ್ನಿನ ಮೇಲಿರುವ ಕರೆಸಂಖ್ಯೆಯನ್ನು ಮುಟ್ಟದೆ, ದಾಖಲೆಯಲ್ಲಿ ಪ್ರತಿಯ ವಿವರವಿರುವ 952ನೇ ಅಂಕಣದ ಸ್ಥಳಸಂಕೇತವನ್ನು ಮಾತ್ರ ಬ್ಯಾಚ್‌ಗಳಲ್ಲಿ ಬದಲಾಯಿಸಿದೆ. ಎರಡೂ ಕಡೆ, ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ವರ್ಗೀಕರಣದ ಕ್ರಮ ಹಾಗೆಯೇ ಉಳಿದಿದೆ, 894.814ರ ಕನ್ನಡ ಸಾಹಿತ್ಯ ಎರಡೂ ಕಡೆ ತನ್ನ ಜಾಗದಲ್ಲೇ ಇದೆ. ನಿಜವಾದ ತೊಂದರೆ ಎದುರಾದದ್ದು ನಾನು ಎಣಿಸದ ಕಡೆಯಲ್ಲಿ. 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಸಂಕೇತದಲ್ಲಿ ಬೆರಳಚ್ಚಾಗಿದ್ದ ಸುಮಾರು 6,000 ದಾಖಲೆಗಳು ಯೂನಿಕೋಡಿಗೆ ಬಂದಾಗ, ಅರ್ಕಾವತ್ತು ಇರುವ ಪದಗಳಲ್ಲಿ ಹಲವು ಒಡೆದುಹೋಗಿದ್ದವು. ಹುಡುಕಿದರೆ 'ಧರ್ಮ'ವೂ ಸಿಗುತ್ತಿರಲಿಲ್ಲ, 'ವರ್ಗ'ವೂ ಸಿಗುತ್ತಿರಲಿಲ್ಲ. ಪುಸ್ತಕ ಕಣ್ಣೆದುರಿನ ಕಪಾಟಿನಲ್ಲಿದ್ದಾಗ ಈ ದೋಷ ಯಾರಿಗೂ ಗೊತ್ತಾಗಿರಲಿಲ್ಲ, ಬಾಗಿಲು ಹಾಕಿದ ಕೋಣೆಗೆ ಹೋದ ಮೇಲೆ ಗೊತ್ತಾಯಿತು. ಅವುಗಳನ್ನು ಕೈಯಿಂದ ತಿದ್ದಲು ಏಳು ತಿಂಗಳು ಹಿಡಿಯಿತು.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ತಾಳೆಗರಿಗಳಿಗೆ ಹಚ್ಚುವ ನಿಂಬೆಹುಲ್ಲಿನ ಎಣ್ಣೆಯನ್ನು ಬಟ್ಟೆಯ ರಟ್ಟುಗಳ ಮೇಲೆ ಒರೆಸಿ ನೋಡಿದೆ, ಕಲೆ ಉಳಿಯಿತು. ಕಾಗದದ ಪುಸ್ತಕಕ್ಕೆ ಅದು ಬೇಡ. ಬಜೆ ಬೇರಿನ ಪುಡಿಯ ಪೊಟ್ಟಣ ಹುಳಕ್ಕೆ ಒಳ್ಳೆಯದು, ನುಸಿಗುಳಿಗೆಯನ್ನು ಈಗ ಪೂರ್ತಿ ನಿಲ್ಲಿಸಿದ್ದೇನೆ. ರಟ್ಟು ಕಟ್ಟುವವರ ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ಪದ್ಧತಿಯನ್ನು ಮತ್ತೆ ಶುರುಮಾಡಿಸಿದ್ದೇನೆ. ಪ್ರಮಾಣ ತಪ್ಪಿದರೆ ಕಾಗದಕ್ಕೇ ಕೆಡುಕಾದ್ದರಿಂದ, ನನ್ನ ಅಳತೆಯನ್ನು ಇನ್ನೊಂದು ಮಳೆಗಾಲ ನೋಡದೆ ಹೇಳಲಾರೆ.

ದಿನಪತ್ರಿಕೆಗಳ ದೊಡ್ಡ ಸಂಪುಟಗಳು ಮಾತ್ರ ಇನ್ನೂ ಪಡುವಣ ಗೋಡೆಯ ಬಳಿಯೇ ಇವೆ, ಏಕೆಂದರೆ ಒಳಕೋಣೆಯ ಕಪಾಟುಗಳಲ್ಲಿ ಅವು ಹಿಡಿಸುವುದಿಲ್ಲ. ಅವುಗಳನ್ನು ಮಲಗಿಸಿಡಲು, ನಡುವೆ ಸಂದುಬಿಟ್ಟ ರೀಪುಗಳ ಅಟ್ಟಣಿಗೆಗೆ ಬಡಗಿಗೆ ಅಳತೆ ಕೊಟ್ಟಿದ್ದೇನೆ. ರೋಹಿಣಿ ಮಳೆ ಬೀಳುವ ಮೊದಲು ಅದು ಬರಬೇಕು.